ನವಿಲ ಕೊರಳಿನ ಬಣ್ಣ

ಇಂಗ್ಲಿಷಿನಲ್ಲಿ ‘ಟೀಲ್’ ಎಂದು ಕರೆಯುವ ಬಣ್ಣವೊಂದುಂಟು. ನೀಲಿಯ ಪಕ್ಕದಲ್ಲಿಟ್ಟರೆ ಅದು ಹಸುರಾಗಿ ಕಾಣುತ್ತದೆ. ಹಸುರಿನ ಪಕ್ಕದಲ್ಲಿಟ್ಟರೆ ನೀಲಿಯಾಗಿ ಕಾಣುತ್ತದೆ. ಒಂಟಿಯಾಗಿಟ್ಟರೆ ನೋಡುವ ಇಬ್ಬರಿಗೆ ಜಗಳ ಹಚ್ಚುತ್ತದೆ. ಪಟ್ಟಣದಲ್ಲಿರುವ ನಮಗೆ ಇದೇನೂ ಅಪರಿಚಿತವಲ್ಲ. ಗೋಡೆಗೆ ಬಣ್ಣ ಮಾರುವವರ ಪಟ್ಟಿಯಲ್ಲಿ, ಸೀರೆಯಂಗಡಿಯ ಕಪಾಟಿನಲ್ಲಿ, ಪುಸ್ತಕಗಳ ರಕ್ಷಾಪುಟದ ಮೇಲೆ ಅದನ್ನು ದಿನವೂ ಕಾಣುತ್ತೇವೆ. ಆದರೆ ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಒಮ್ಮೆ ತರಗತಿಯಲ್ಲಿ ಈ ಪ್ರಶ್ನೆ ಹಾಕಿದೆ. ಕೆಲವರು ನೀಲಿ ಎಂದರು, ಕೆಲವರು ಹಸುರು ಎಂದರು. ರಾಜಿಗೆ ಒಲಿದ ಒಬ್ಬ ‘ಹಸುರುನೀಲಿ’ ಎಂದ. ಕಡೆಗೆ ಹಿಂದಿನ ಸಾಲಿನಿಂದ ತೀರ್ಪು ಬಂತು: “ಸಾರ್, ಕನ್ನಡದಲ್ಲಿ ಅದಕ್ಕೆ ಪದವೇ ಇಲ್ಲ.”

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವನ ಕಿವಿಗೆ ಈ ಮಾತು ಹಿತವಾದುದಲ್ಲ. ಆದರೆ ಬರಿಯ ಅಭಿಮಾನದಿಂದ ಇದಕ್ಕೆ ಉತ್ತರ ಹೇಳಿದರೆ ಸಾಲದು, ಆಧಾರ ಕೊಡಬೇಕು. ನಾನು ಹುಡುಕಿ ನೋಡಿದ ಮಟ್ಟಿಗೆ ಈ ಬಣ್ಣಕ್ಕೆ ನಮ್ಮಲ್ಲಿ ಹೆಸರಿಗೆ ಬಡತನವಿಲ್ಲ. ಹೆಸರುಗಳು ಇರುವ ಸ್ಥಳ ಮಾತ್ರ ಬೇರೆ. ಅವು ಹಚ್ಚೆ ಹುಯ್ಯುವವರಲ್ಲಿ, ನಾಟಿ ವೈದ್ಯರಲ್ಲಿ, ಅಡಕೆ ತೋಟದವರಲ್ಲಿ, ನೇಕಾರರಲ್ಲಿ ಹಂಚಿಹೋಗಿವೆ. ಬಣ್ಣದ ಚರಿತ್ರೆಯನ್ನು ಬರೆಯುವವನು ಆ ಮನೆಗಳ ಬಾಗಿಲನ್ನು ತಟ್ಟಬೇಕಾಗುತ್ತದೆ.

ಮೊದಲು ಇಂಗ್ಲಿಷಿನ ಸಂಗತಿಯನ್ನು ನೋಡೋಣ. ಟೀಲ್ ಎಂಬುದು ಬಾತಿನ ಜಾತಿಯ ಒಂದು ಚಿಕ್ಕ ಹಕ್ಕಿ. ಗಂಡಿನ ಕಂದು ತಲೆಯ ಮೇಲೆ, ಕಣ್ಣಿನಿಂದ ಹಿಂದಕ್ಕೆ, ಮಿರುಗುವ ಹಸುರು ಪಟ್ಟೆಯೊಂದಿರುತ್ತದೆ. ಯೂರೋಪು, ಏಷ್ಯಗಳ ಉತ್ತರ ಭಾಗದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಅದು ದಕ್ಷಿಣಕ್ಕೆ ಬರುತ್ತದೆ; ಕನ್ನಡನಾಡಿನ ಕೆರೆಗಳಿಗೂ ಇಳಿಯುತ್ತದೆ. ಹಕ್ಕಿಯ ಹೆಸರಾಗಿ ಈ ಮಾತು ಇಂಗ್ಲಿಷಿನಲ್ಲಿ ಆರು ನೂರು ವರ್ಷಕ್ಕೂ ಹಿಂದಿನದು. ಆದರೆ ಬಣ್ಣದ ಹೆಸರಾಗಿ ಅದು ಮೊದಲು ದಾಖಲೆಯಾದದ್ದು 1917ರಲ್ಲಿ. ಷೇಕ್ಸ್‌ಪಿಯರನಿಗಾಗಲಿ ವರ್ಡ್ಸ್‌ವರ್ತನಿಗಾಗಲಿ ಟೀಲ್ ಎಂದರೆ ಹಕ್ಕಿಯೇ ಹೊರತು ಬಣ್ಣವಲ್ಲ. ಎಂದ ಮೇಲೆ, ಇಂಗ್ಲಿಷರಿಗೆ ಇದ್ದು ನಮಗೆ ಇಲ್ಲ ಎಂದು ಕೊರಗುವ ಆ ಪದದ ವಯಸ್ಸು ಹೆಚ್ಚೆಂದರೆ ನಾಲ್ಕು ತಲೆಮಾರು.

ಹೆಸರು ಬಂದ ಮೇಲೆ ಅದರ ಪ್ರಸಾರ ಮಾತ್ರ ಬೇಗ ಆಯಿತು. ಗಣಕಯಂತ್ರದಲ್ಲಿ ಬಣ್ಣಗಳಿಗೆ ಹೆಸರಿಟ್ಟಾಗ ಮೊದಲ ಹದಿನಾರರ ಪಂಕ್ತಿಯಲ್ಲೇ ಟೀಲಿಗೆ ಎಲೆ ಹಾಕಿದರು. ಅರ್ಧ ಪ್ರಮಾಣದ ಹಸುರು ಬೆಳಕು, ಅರ್ಧ ಪ್ರಮಾಣದ ನೀಲಿ ಬೆಳಕು, ಕೆಂಪು ಸೊನ್ನೆ – ಇದು ಅಲ್ಲಿಯ ಟೀಲ್. 1995ರಲ್ಲಿ ಬಂದ ವಿಂಡೋಸ್ 95ರ ಪರದೆಯ ಹಿನ್ನೆಲೆ ಇದೇ ಬಣ್ಣದ್ದಾಗಿತ್ತು. ಆ ಕಾಲದಲ್ಲಿ ಕಚೇರಿಯಲ್ಲಿ ದುಡಿದವರು ಹೆಸರು ತಿಳಿಯದೆಯೇ ದಿನವೆಲ್ಲ ಅದನ್ನು ನೋಡುತ್ತ ಕುಳಿತಿದ್ದರು. ಇನ್ನೊಂದು ಬಳಕೆ ಆಸ್ಪತ್ರೆಯದು. 1914ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದ ಹ್ಯಾರಿ ಷರ್ಮನ್ ಎಂಬ ಶಸ್ತ್ರವೈದ್ಯರು ತಮ್ಮ ಶಸ್ತ್ರಚಿಕಿತ್ಸೆಯ ಕೋಣೆಗೆ ಬಿಳಿಯ ಬದಲು ಹಸುರು ಬಣ್ಣ ಬಳಿಸಿದರು. ರಕ್ತದ ಕೆಂಪನ್ನು ಬಹಳ ಹೊತ್ತು ನೋಡಿದ ಕಣ್ಣು ಬಿಳಿಯ ಗೋಡೆಯತ್ತ ತಿರುಗಿದರೆ ಅಲ್ಲಿ ಹಸುರುನೀಲಿಯ ನೆರಳು ಕುಣಿಯುತ್ತದೆ. ಗೋಡೆಯೇ ಆ ಬಣ್ಣದ್ದಾದರೆ ಕಣ್ಣಿಗೆ ವಿಶ್ರಾಂತಿ. ವೈದ್ಯರೂ ದಾದಿಯರೂ ಇಂದಿಗೂ ಅಲ್ಲಿ ಹಸುರು, ನೀಲಿ, ಅವುಗಳ ನಡುವಣ ಬಣ್ಣಗಳ ಉಡುಪು ತೊಡುವುದರ ಹಿಂದೆ ಈ ಕಾರಣವಿದೆ. ಕೆಂಪಿಗೂ ಈ ಬಣ್ಣಕ್ಕೂ ಇರುವ ಈ ನಂಟನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಮನೆಯ ಲೆಕ್ಕ. ‘ಹಸುರು’ ಎಂಬುದು ಹಳಗನ್ನಡದ ‘ಪಸುರ್’. ಹಸಿ, ಹಸುಳೆ, ಪಚ್ಚೆ ಇವೆಲ್ಲ ಒಂದೇ ಬಳ್ಳಿಯ ಕುಡಿಗಳು. ಮೂಲದಲ್ಲಿ ಈ ಮಾತಿಗೆ ಬಣ್ಣಕ್ಕಿಂತ ಹೆಚ್ಚಾಗಿ ಎಳೆತನದ, ಮಾಗದ ಸ್ಥಿತಿಯ ಅರ್ಥ. ಪಚ್ಚಕರ್ಪೂರ ಬೆಳ್ಳಗಿರುತ್ತದೆ, ಆದರೂ ಅದು ‘ಪಚ್ಚ’, ಅಂದರೆ ಹಸಿಯಾದದ್ದು. ‘ನೀಲ’ ಸಂಸ್ಕೃತದಿಂದ ಬಂದದ್ದು. ಅದರ ಹರವು ದೊಡ್ಡದು. ಮೋಡದ ಕಪ್ಪು, ಮುಂಗುರುಳಿನ ಕಪ್ಪು, ಆಕಾಶದ ತಿಳಿನೀಲಿ ಎಲ್ಲವೂ ಅದರಲ್ಲಿ ಸೇರುತ್ತವೆ. ‘ಶ್ಯಾಮಲ’ವಂತೂ ಮಳೆಯ ಮೋಡಕ್ಕೂ ಸಲ್ಲುತ್ತದೆ, ತುಂಬಿ ನಿಂತ ಪೈರಿಗೂ ಸಲ್ಲುತ್ತದೆ, ‘ಸಸ್ಯಶ್ಯಾಮಲ’ ಎಂದಾಗ ಯಾರೂ ಕಪ್ಪು ಗದ್ದೆಯನ್ನು ಕಲ್ಪಿಸಿಕೊಳ್ಳುವುದಿಲ್ಲ. ಹೀಗೆ ನೀಲಿ ಹಸುರುಗಳ ನಡುವಣ ಬೇಲಿ ನಮ್ಮ ಹಿರಿಯರ ಮಾತಿನಲ್ಲಿ ಅಷ್ಟು ಬಿಗಿಯಾಗಿರಲಿಲ್ಲ.

ಇದು ನಮ್ಮೊಬ್ಬರ ಸಂಗತಿಯೂ ಅಲ್ಲ. ಜಪಾನೀಯರು ರಸ್ತೆಯ ಹಸುರು ದೀಪಕ್ಕೆ ‘ಆಓ’ ಎನ್ನುತ್ತಾರೆ. ಆಕಾಶದ ನೀಲಿಗೂ ಅದೇ ಮಾತು. ಅಮೆರಿಕದ ಬರ್ಲಿನ್, ಕೇ ಎಂಬ ಇಬ್ಬರು ವಿದ್ವಾಂಸರು 1969ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲೋಕದ ಹಲವು ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿ ನೋಡಿದರು. ಎಷ್ಟೋ ಭಾಷೆಗಳಲ್ಲಿ ನೀಲಿಗೂ ಹಸುರಿಗೂ ಒಂದೇ ಪದವಿರುವುದು ಆಗ ಎಲ್ಲರ ಗಮನಕ್ಕೆ ಬಂತು. ಹಾಗೆಂದು ಆ ಜನಕ್ಕೆ ಭೇದ ಕಾಣುವುದಿಲ್ಲವೆಂದು ಅರ್ಥವಲ್ಲ. ಭೇದ ಬೇಕಾದಾಗ ಅವರು ಎಲೆಯನ್ನೋ ಹಕ್ಕಿಯನ್ನೋ ಕಲ್ಲನ್ನೋ ತೋರಿಸಿ ಹೇಳುತ್ತಾರೆ. ನಮ್ಮವರು ಮಾಡಿದ್ದೂ ಅದನ್ನೇ.

ಮೊದಲನೆಯ ಸಾಕ್ಷಿ ಹಚ್ಚೆ. ಹಾಲು ಒಂದು ಕಾಲಕ್ಕೆ ‘ಪಾಲ್’ ಆಗಿದ್ದಂತೆ, ಹೂವು ‘ಪೂ’ ಆಗಿದ್ದಂತೆ, ಹಚ್ಚೆಯೂ ‘ಪಚ್ಚೆ’ಯೇ. ಊರೂರು ತಿರುಗುತ್ತಿದ್ದ ಕೊರವಂಜಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ನಮ್ಮ ಅಜ್ಜಿಯರ ಮುಂಗೈ ಮೇಲೆ ರಂಗೋಲಿಯನ್ನೋ ತುಳಸಿಕಟ್ಟೆಯನ್ನೋ ಬರೆಯುತ್ತಿದ್ದಳು. ಒಳಗೆ ಹೋದದ್ದು ಕಪ್ಪು ಮಸಿ. ಗಾಯ ಮಾದ ಮೇಲೆ ತೊಗಲಿನೊಳಗಿಂದ ಕಾಣುವುದು ಹಸುರುನೀಲಿ. ಬೆಳಕು ಚರ್ಮದ ಪದರದಲ್ಲಿ ಚದುರುವುದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಅದನ್ನು ಕಂಡ ಕನ್ನಡಿಗರು ಆ ಕೆಲಸಕ್ಕೆ ಕಪ್ಪು ಎಂದು ಹೆಸರಿಡಲಿಲ್ಲ, ‘ಪಚ್ಚೆ’ ಎಂದರು. ಕಣ್ಣಿಗೆ ಕಂಡದ್ದನ್ನು ಹೇಳಿದರು. ಇಂದು ನಾವು ಹಚ್ಚೆ ಎನ್ನುವಾಗ ಅದು ಬಣ್ಣದ ಹೆಸರೆಂಬುದೇ ನೆನಪಿಗೆ ಬರುವುದಿಲ್ಲ.

ಎರಡನೆಯ ಸಾಕ್ಷಿ ಇನ್ನೂ ಖಚಿತವಾದುದು: ಮೈಲುತುತ್ತ. ರಸಾಯನಶಾಸ್ತ್ರದವರು ತಾಮ್ರದ ಸಲ್ಫೇಟ್ ಎನ್ನುವ ಹರಳು ಇದು. ಸಂಸ್ಕೃತದ ವೈದ್ಯರು ಇದಕ್ಕೆ ‘ತುತ್ಥ’ ಎಂದರು. ಇನ್ನೊಂದು ಹೆಸರು ‘ಶಿಖಿಗ್ರೀವ’, ಅಂದರೆ ನವಿಲಿನ ಕೊರಳು. ನಮ್ಮ ಮಾತಿನ ‘ಮೈಲು’ ಕೂಡ ನವಿಲೇ. ಹರಳನ್ನು ಕೈಯಲ್ಲಿ ಹಿಡಿದು, ಅದರ ಬಣ್ಣಕ್ಕೆ ಹೋಲಿಕೆ ಹುಡುಕಿದ ಆ ಹೆಸರಿಲ್ಲದ ವೈದ್ಯನಿಗೆ ನೀಲಿ, ಹಸುರು ಎಂಬ ಎರಡು ಮಾತುಗಳೂ ಸಾಲದೆ ಹೋದವು. ನವಿಲು ನೆರವಿಗೆ ಬಂತು. ಇಂಗ್ಲಿಷಿನವನು ಬಾತಿನ ಕಣ್ಣಿನ ಪಟ್ಟೆಯನ್ನು ನೋಡುವುದಕ್ಕೆ ಎಷ್ಟೋ ಶತಮಾನ ಮೊದಲೇ ನಡೆದ ಮಾತಿದು.

ಮಲೆನಾಡಿನ ಅಡಕೆ ತೋಟದವರಿಗೆ ಮೈಲುತುತ್ತದ ಪರಿಚಯ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಹಿಂದಿನವರಿಗೆ ಇದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಕಾಯುವುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು; ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮ ರೂಢಿಗೆ ಬರಲು ಅವರ ಕೆಲಸ ದಾರಿಯಾಯಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಹದ ಸರಿಯಾಗಿದೆಯೇ ಎಂದು ನೋಡಲು ಹರಿತವಾದ ಕಬ್ಬಿಣದ ಚೂರಿಯನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಈ ಔಷಧಿಯ ತವರು ಫ್ರಾನ್ಸಿನ ದ್ರಾಕ್ಷಿ ತೋಟಗಳು. ದಾರಿಹೋಕರು ಹಣ್ಣು ಕದಿಯದಿರಲೆಂದು ದಾರಿಯ ಪಕ್ಕದ ಬಳ್ಳಿಗಳಿಗೆ ತೋಟದವರು ಈ ಬಣ್ಣದ ನೀರನ್ನು ಬಳಿಯುತ್ತಿದ್ದರಂತೆ; ಬಣ್ಣ ತಾಗಿದ ಬಳ್ಳಿಗಳಿಗೆ ರೋಗ ತಾಗದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಕಂಡು, 1885ರಲ್ಲಿ ಪ್ರಕಟಿಸಿದನು. ಔಷಧಿ ಹೊಡೆದು ಮರವಿಳಿದು ಬರುವ ಕೊನೆಗೌಡನ ಅಂಗಿ, ತಲೆಗೆ ಸುತ್ತಿದ ಬಟ್ಟೆ, ರೆಪ್ಪೆಗೂದಲು ಎಲ್ಲವೂ ಇದೇ ಬಣ್ಣ. ‘ಪದವಿಲ್ಲ’ ಎಂಬ ತೀರ್ಪನ್ನು ಆತನ ಮುಂದೆ ಓದಿದರೆ ನಕ್ಕಾನು.

ಇಷ್ಟರಲ್ಲಿ ವಾಚಕರಿಗೆ ಒಂದು ಸೂತ್ರ ಸಿಕ್ಕಿರಬೇಕು: ತಾಮ್ರ. ಹುಣಿಸೆಹಣ್ಣು ಕಾಣದ ತಾಮ್ರದ ಚೊಂಬಿನ ಮೇಲೆ ಏಳುವ ಕಿಲುಬಿನ ಬಣ್ಣವೂ ಇದೇ. ತಾಮ್ರಕ್ಕೆ ಒಂದು ವಿಚಿತ್ರ ಗುಣವಿದೆ. ಅದನ್ನು ಗಾಜಿನಂಥ ಮೆರುಗಿನಲ್ಲಿ ಬೆರೆಸಿ ಸುಟ್ಟರೆ, ಸೀಸದ ಮೆರುಗಿನಲ್ಲಿ ಹುಲ್ಲುಹಸುರಾಗುತ್ತದೆ. ಕ್ಷಾರದ ಮೆರುಗಿನಲ್ಲಿ ಹೊಳೆಯುವ ಹಸುರುನೀಲಿಯಾಗುತ್ತದೆ. ಈ ಗುಟ್ಟನ್ನು ಪರ್ಷಿಯದ ಕುಂಬಾರರು ಕೈವಶ ಮಾಡಿಕೊಂಡರು. ಅಲ್ಲಿ ಕ್ಷಾರಕ್ಕೆ ಕೊರತೆಯಿಲ್ಲ. ಮರುಭೂಮಿಯ ಗಿಡಗಳನ್ನು ಸುಟ್ಟರೆ ಬೂದಿಯಲ್ಲಿ ಅದು ಸಿಕ್ಕುತ್ತದೆ. ಕಾಶಾನ್ ನಗರದ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದ ಗ್ರಂಥದಲ್ಲಿ ಹಂಚಿನ ಮೈಗೆ ಬೇಕಾದ ಪಾಕವನ್ನು ಕೊಟ್ಟಿದ್ದಾನೆ: ಪುಡಿ ಮಾಡಿದ ಬೆಣಚುಕಲ್ಲು ಹತ್ತು ಭಾಗ, ಗಾಜಿನ ಪುಡಿ ಒಂದು ಭಾಗ, ಬಿಳಿಯ ಜೇಡಿಮಣ್ಣು ಒಂದು ಭಾಗ. ಕಡುನೀಲಿಗೆ ಬೇಕಾದ ಕೋಬಾಲ್ಟ್ ಕಾಶಾನಿನ ನೆರೆಯ ಕಮ್ಸರ್ ಎಂಬ ಹಳ್ಳಿಯಿಂದ ಬರುತ್ತಿತ್ತು. ಪರ್ಷಿಯನ್ನರು ಇಂಥ ಹಂಚಿಗೆ ‘ಕಾಶಿ’ ಎನ್ನುವುದು ಕಾಶಾನಿನ ನೆನಪಿನಿಂದಲೇ.

ಆ ವಿದ್ಯೆ ಕನ್ನಡನಾಡಿಗೆ ಬಂದು ನೆಲೆಸಿದ ಊರು ಬೀದರ್. ಬೀದರೆಂದರೆ ಬಿದರಿಯ ಕಪ್ಪು, ಅದರೊಳಗಿನ ಬೆಳ್ಳಿಗೆರೆ ನಮ್ಮ ನೆನಪಿಗೆ ಬರುತ್ತವೆ. ಆದರೆ 15ನೆಯ ಶತಮಾನದ ಬೀದರ್ ಹಸುರುನೀಲಿಯ ಊರು. ಬಹಮನಿ ಸುಲ್ತಾನ ಅಹಮದ್ ಷಾ ವಲಿ (1422–1436) ರಾಜಧಾನಿಯನ್ನು ಕಲಬುರಗಿಯಿಂದ ಅಲ್ಲಿಗೆ ಬದಲಾಯಿಸಿದನು. ಪರ್ಷಿಯದ ಕಿರ್ಮಾನ್ ಪ್ರಾಂತದ ಸಂತ ನಿಯಾಮತುಲ್ಲಾನ ಮನೆತನವನ್ನು ಗೌರವದಿಂದ ಬರಮಾಡಿಕೊಂಡನು. ಆಮೇಲೆ ವರ್ತಕರು, ವಿದ್ವಾಂಸರು, ಕುಶಲಕರ್ಮಿಗಳು ಸಮುದ್ರ ದಾಟಿ ಬಂದರು. ಕೋಟೆಯೊಳಗಿನ ತಖ್ತ್ ಮಹಲಿನಲ್ಲಿ, ಅಷ್ಟೂರಿನಲ್ಲಿರುವ ಎರಡನೆಯ ಅಲಾವುದ್ದೀನ್ ಅಹಮದನ ಗೋರಿಯಲ್ಲಿ, ಮುಂದಿನ ಶತಮಾನದಲ್ಲಿ ಅಲಿ ಬರೀದ್ ಹೊಸದಾಗಿ ಕಟ್ಟಿಸಿದ ರಂಗೀನ್ ಮಹಲಿನಲ್ಲಿ ಬಣ್ಣದ ಹಂಚಿನ ಕೆಲಸ ಇಂದಿಗೂ ಅಲ್ಲಲ್ಲಿ ಉಳಿದಿದೆ.

ಇವೆಲ್ಲಕ್ಕಿಂತ ದೊಡ್ಡದು ಮಹಮದ್ ಗವಾನನ ಮದರಸ. ಗವಾನ್ ಪರ್ಷಿಯದ ಗೀಲಾನಿನವನು. ವ್ಯಾಪಾರಕ್ಕಾಗಿ ಬಂದವನು ಬಹಮನಿ ರಾಜ್ಯದ ಮಂತ್ರಿಯಾದನು. 1472ರಲ್ಲಿ ಮೂರಂತಸ್ತಿನ ಈ ವಿದ್ಯಾಲಯವನ್ನು ಕಟ್ಟಿ ಮುಗಿಸಿ, ಮೂರು ಸಾವಿರ ಗ್ರಂಥಗಳನ್ನು ಅಲ್ಲಿ ಇರಿಸಿದನೆಂದು ಚರಿತ್ರಕಾರ ಫೆರಿಷ್ತಾ ಹೇಳುತ್ತಾನೆ. ಮುಂಭಾಗದ ಎರಡು ಮೂಲೆಗಳಲ್ಲಿ ಎರಡು ಮಿನಾರುಗಳು. ಅವುಗಳ ಮೈಗೆಲ್ಲ ಹಂಚಿನ ಹೊದಿಕೆ. ನಾನು ಬೀದರಿಗೆ ಹೋದಾಗ ಉಳಿದಿರುವ ಒಂದು ಮಿನಾರಿನ ಕೆಳಗೆ ಬಹಳ ಹೊತ್ತು ನಿಂತೆ. ಅಂಕುಡೊಂಕಾದ ಪಟ್ಟೆಗಳು ಮಿನಾರನ್ನು ಸುತ್ತಿಕೊಂಡು ಮೇಲೇರುತ್ತವೆ. ಕಡುನೀಲಿ, ಬಿಳುಪು, ಹಳದಿ. ಅವುಗಳ ನಡುವೆ ತಾಮ್ರದ ಈ ಬಣ್ಣ. ಬೀದರಿನ ನೆಲ ಜಂಬಿಟ್ಟಿಗೆಯ ಕೆಂಪು ನೆಲ. ಶಸ್ತ್ರವೈದ್ಯ ಷರ್ಮನ್ ನಾಲ್ಕೂವರೆ ಶತಮಾನದ ಮೇಲೆ ವಿಚಾರ ಮಾಡಿ ಕಂಡುಕೊಂಡದ್ದು ಇಲ್ಲಿ ಕಣ್ಣೆದುರಿಗೇ ಇದೆ. ಕೆಂಪು ಮಣ್ಣಿನಿಂದ ದಣಿದು ಮೇಲೆತ್ತಿದ ಕಣ್ಣಿಗೆ ಆ ಹಂಚುಗಳು ತಂಪೆರೆಯುತ್ತವೆ.

ಅದರ ಮುಂದಿನ ಕಥೆ ಸುಖದ್ದಲ್ಲ. 1481ರಲ್ಲಿ ಒಂದು ಖೋಟಾ ಪತ್ರವನ್ನು ನಂಬಿದ ಸುಲ್ತಾನ ಗವಾನನನ್ನು ಕೊಲ್ಲಿಸಿದನು. ಅಲ್ಲಿಂದ ಮುಂದೆ ರಾಜ್ಯವೂ ಒಡೆಯಿತು. ಔರಂಗಜೇಬನ ಕಾಲದಲ್ಲಿ, 17ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ವಿದ್ಯಾಲಯದೊಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರು, ಮುಂಭಾಗದ ಬಹುಪಾಲು ನೆಲಕಚ್ಚಿದವು. ಉಳಿದದ್ದನ್ನು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಗುಲಾಂ ಯಜ್ದಾನಿಯವರು ಶ್ರದ್ಧೆಯಿಂದ ಅಭ್ಯಾಸ ಮಾಡಿ 1947ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದಾರೆ. ಮಿನಾರಿನ ಕೆಳಭಾಗದಲ್ಲಿ ಹಂಚು ಉದುರಿದ ಕಡೆ ಗಾರೆ ಮಾತ್ರ ಕಾಣುತ್ತದೆ. ಕಲ್ಲು ಬಿದ್ದರೆ ಮತ್ತೆ ಎತ್ತಿ ನಿಲ್ಲಿಸಬಹುದು. ಹಂಚು ಉದುರಿದರೆ ಅದೇ ಹಂಚನ್ನು ಮತ್ತೆ ಸುಡಬಲ್ಲ ಒಲೆ ಬೇಕು, ಪಾಕ ಬಲ್ಲ ಕೈ ಬೇಕು. ಆ ಒಲೆ ಬೀದರಿನಲ್ಲಿ ಆರಿ ಬಹು ಕಾಲವಾಗಿದೆ. ಒಲೆಯ ಮುಂದೆ ಕೂತವರು ಈ ಬಣ್ಣಕ್ಕೆ ದಖ್ಖನಿಯಲ್ಲೋ ಕನ್ನಡದಲ್ಲೋ ಏನೋ ಒಂದು ಹೆಸರು ಹೇಳಿಕೊಂಡೇ ದುಡಿದಿರಬೇಕು. ಹಂಚಿನಷ್ಟು ಮಟ್ಟಿಗೂ ಆ ಮಾತು ಉಳಿಯಲಿಲ್ಲ.

ಉಳಿದ ಮಾತು ನೇಕಾರರಲ್ಲಿದೆ. ರೇಷ್ಮೆಯ ಹಾಸಿಗೆ ನೀಲಿ ನೂಲು ಹಾಕಿ, ಹೊಕ್ಕಿಗೆ ಹಸುರು ನೂಲು ಹಾಕಿ ನೇಯ್ದರೆ, ಮಡಿಕೆ ತಿರುಗಿದಂತೆ ಬಣ್ಣವೂ ತಿರುಗುತ್ತದೆ. ಇದಕ್ಕೆ ನಮ್ಮ ಹೆಂಗಸರು ನವಿಲಿನ ಕೊರಳಿನ ಬಣ್ಣವೆನ್ನುತ್ತಾರೆ; ನೆರೆಯ ತಮಿಳರಲ್ಲೂ ಇದೇ ಅರ್ಥದ ಹೆಸರಿದೆ. ಹೋಲಿಕೆ ಮೇಲುಮೇಲಿನದಲ್ಲ. ನವಿಲಿನ ಗರಿಯಲ್ಲಿ ನೀಲಿಯ ಬಣ್ಣವೂ ಇಲ್ಲ, ಹಸುರಿನ ಬಣ್ಣವೂ ಇಲ್ಲ. ಗರಿಯ ಎಳೆಗಳ ಅತಿಸೂಕ್ಷ್ಮವಾದ ಕಟ್ಟಣೆಯಲ್ಲಿ ಬೆಳಕು ಆಡುವ ಆಟ ಅದು. ನೇಕಾರನೂ ಟೀಲ್ ಬಣ್ಣದ ನೂಲನ್ನು ಹಿಡಿಯದೆ, ಎರಡು ಎಳೆಗಳ ಕಟ್ಟಣೆಯಿಂದಲೇ ಅದನ್ನು ಬರಿಸುತ್ತಾನೆ. ಅಂಗಡಿಯವರಲ್ಲಿ ಇನ್ನೊಂದು ಹೆಸರೂ ಉಂಟು, ‘ರಾಮಾ ಗ್ರೀನ್’. ಅರ್ಧ ಇಂಗ್ಲಿಷಾದರೂ ಅದರಲ್ಲಿ ನಮ್ಮ ಶ್ಯಾಮಲನ ನೆನಪು ಉಳಿದಿದೆ. ಇತ್ತೀಚೆಗೆ ಅದರ ಜಾಗಕ್ಕೂ ‘ಟೀಲ್’ ಬಂದು ಕೂರುತ್ತಿದೆ.

ತಾಮ್ರವಂತೂ ನಮ್ಮನ್ನು ಬಿಟ್ಟಿಲ್ಲ. 1935ರಲ್ಲಿ ಇಂಗ್ಲೆಂಡಿನ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದ ತಾಮ್ರದ ಥ್ಯಾಲೊಸಯನೀನ್ ಎಂಬ ವರ್ಣದ್ರವ್ಯ ನೀಲಿ ಬಣ್ಣದ ಲೋಕವನ್ನೇ ಆಕ್ರಮಿಸಿಕೊಂಡಿತು. ಅದಕ್ಕೆ ಕ್ಲೋರಿನ್ ಕೂಡಿಸಿದರೆ ಹಸುರು. ಇಂದು ಬಣ್ಣದ ಮುದ್ರಣದಲ್ಲಿ ಬಳಸುವ ನೀಲಿ ಶಾಯಿ ಇದೇ ವಸ್ತು. ಕಾಶಾನಿನ ಕುಂಬಾರನ ತಾಮ್ರ, ನಾಟಿ ವೈದ್ಯನ ತಾಮ್ರ, ಕೊನೆಗೌಡನ ತಾಮ್ರ, ಪತ್ರಿಕೆಯ ಬಣ್ಣದ ಚಿತ್ರದಲ್ಲಿರುವ ತಾಮ್ರ ಎಲ್ಲವೂ ಒಂದೇ ವಂಶ.

ಹೊಸ ಪದಗಳು ಬರಬಾರದೆಂದು ನಾನು ಹೇಳುವುದಿಲ್ಲ. ಬಾತುಕೋಳಿಯ ದಾಯಾದಿ ನಮ್ಮ ಕೆರೆಗೆ ಬಂದಂತೆ ಅದರ ಹೆಸರೂ ನಮ್ಮ ಮಾತಿಗೆ ಬಂದರೆ ಬರಲಿ. ಆದರೆ ‘ನಮ್ಮಲ್ಲಿಲ್ಲ’ ಎಂಬ ನಿರ್ಣಯವನ್ನು ಕೊಡುವ ಮೊದಲು ಒಂದೆರಡು ಕಡೆ ಕೇಳಿ ನೋಡುವ ವ್ಯವಧಾನ ಬೇಕು. ಕೋಶ ರಚಿಸುವವರು ಕಾವ್ಯ ಶಾಸನಗಳಿಂದ ಪದ ಆರಿಸಿದಷ್ಟೇ ಶ್ರದ್ಧೆಯಿಂದ ಮಗ್ಗದ ಮನೆಗೆ, ಅಡಕೆಯ ಅಂಗಳಕ್ಕೆ, ಮುಂಗೈ ಹಚ್ಚೆಯ ಮುದುಕಿಯರ ಬಳಿಗೆ ಹೋಗಿ ಕೇಳಿಕೊಳ್ಳಬೇಕು. ಹಚ್ಚೆ ಹುಯ್ಯುತ್ತಿದ್ದವರು ಈಗ ಊರಿಗೆ ಬರುವುದು ಅಪರೂಪ. ಕೈಮಗ್ಗಗಳೂ ವರ್ಷ ವರ್ಷ ಕಡಿಮೆಯಾಗುತ್ತಿವೆ. ಕೇಳಬೇಕಾದವರು ಇನ್ನೂ ಕೆಲವರಾದರೂ ಇರುವಾಗಲೇ ಕೇಳಬೇಕು. ನನ್ನನ್ನು ಕೇಳುವುದಾದರೆ, ಈ ಬಣ್ಣಕ್ಕೆ ನಾನು ಮೈಲುತುತ್ತದ ಬಣ್ಣವೆಂದೇ ಹೇಳುತ್ತೇನೆ. ಅದರಲ್ಲಿ ನವಿಲೂ ಇದೆ, ತಾಮ್ರವೂ ಇದೆ.